ಮಾತಿನ ಕಟ್ಟೆ: ನಾಯಿ ಮುಂದೆ ನಿಂತರೆ ಒಂದು, ಹಿಂದೆ ನಿಂತರೆ ಇನ್ನೊಂದು

ಹೋದ ಸಂಚಿಕೆಯಲ್ಲಿ ಅಣಬೆ ಬಗ್ಗೆ ಬರೆಯುವಾಗ, ತಿನ್ನಬಾರದ ಅಣಬೆಗೆ ‘ನಾಯಿಕೊಡೆ’ ಅನ್ನುತ್ತಾರೆ ಅಂತ ಒಂದು ಸಾಲು ಸೇರಿಸಿದ್ದೆ. ಓದುಗರು ಅಣಬೆಯನ್ನು ಅಲ್ಲೇ ಬಿಟ್ಟು ನಾಯಿಯನ್ನು ಹಿಡಿದುಕೊಂಡಿದ್ದಾರೆ. ಬಂದ ಕಾಗದ, ಮೆಸೇಜುಗಳಲ್ಲಿ ಮುಕ್ಕಾಲು ಪಾಲು ಅದರದ್ದೇ. ಹಾಗಾಗಿ ಈ ಸಲ ಕಟ್ಟೆ ಮೇಲೆ ಬೇರೆ ಯಾರಿಗೂ ಜಾಗ ಇಲ್ಲ. ನಾನು ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿ ನಿವೃತ್ತಿಯಾದವಳು, ಪಶುವೈದ್ಯೆ ಅಲ್ಲ. ನಾಯಿಮರಿಗೆ ಯಾವ ಬಿಸ್ಕತ್ತು ಹಾಕಬೇಕು ಅಂತ ಕೇಳಿದವರು ಮನ್ನಿಸಬೇಕು.

ಪ್ರ: ನಾಯಿ ಎಲ್ಲಾದರೂ ಕೊಡೆ ಹಿಡಿಯುತ್ತದೆಯಾ ಟೀಚರ್? ಆ ಹೆಸರು ಯಾಕೆ ಬಂತು?
— ಓದುಗರು, ಕೃಷ್ಣರಾಜಪೇಟೆ

ಉ: ಹಿಡಿಯುವುದಿಲ್ಲ. ಇಲ್ಲಿ ನಾಯಿ ಅಂದರೆ ನಾಯಿಯಲ್ಲ. ‘ನೋಡೋಕೆ ಅದೇ ಥರ, ಆದರೆ ನಮ್ಮ ಬಳಕೆಗೆ ಬರೋದಲ್ಲ’ ಅಂತ ಅರ್ಥ. ಹಳ್ಳಿಯವರು ಗಿಡಗಂಟೆಗೆ ಹೆಸರಿಡುವಾಗ ‘ನಾಯಿ’ಯನ್ನು ಹೀಗೆ ಮುಂದೆ ತಂದು ನಿಲ್ಲಿಸುತ್ತಾರೆ. ಕಟ್ಟೆ ಕಟ್ಟಿ ಪೂಜೆ ಮಾಡಿದರೆ ತುಳಸಿ. ಬೇಲಿ ಬದಿಯಲ್ಲಿ ತಾನಾಗಿ ಎದ್ದರೆ ನಾಯಿತುಳಸಿ. ಒಗ್ಗರಣೆಗೆ ಬಿದ್ದರೆ ಸಾಸಿವೆ. ರಾಗಿ ಹೊಲದಲ್ಲಿ ಕಳೆಯಾಗಿ ಬಂದರೆ ನಾಯಿಸಾಸಿವೆ.

ನಾಯಿಸಾಸಿವೆ ನೋಡಿಲ್ಲದವರು ಮಳೆಗಾಲದಲ್ಲಿ ಯಾವುದಾದರೂ ಹೊಲದ ಬದು ಹತ್ತಿ. ಮೊಣಕಾಲು, ಸೊಂಟದ ಎತ್ತರಕ್ಕೆ ಬೆಳೆದಿರುತ್ತದೆ. ನಾಲ್ಕೇ ಎಸಳಿನ ಹಳದಿ ಹೂವು. ಕಾಂಡ ಮುಟ್ಟಿದರೆ ಬೆರಳು ಅಂಟಂಟು, ಮೂಸಿದರೆ ಘಾಟು. ಕಾಯಿ ಬೀನ್ಸಿಗಿಂತ ಸಣ್ಣ, ನೆಟ್ಟಗೆ ಮೇಲೆ ನೋಡಿಕೊಂಡು ನಿಂತಿರುತ್ತದೆ. ಒಣಗಿದ ಕಾಯಿ ಬಿಡಿಸಿದರೆ ಒಳಗೆ ಕಪ್ಪಗಿನ ಸಣ್ಣ ಕಾಳು. ಸಾಸಿವೆ ಅಂತ ಮೋಸ ಹೋಗುವ ಹಾಗೇ ಇರುತ್ತದೆ. ಹೆಸರಿಟ್ಟವರು ಅದನ್ನೆಲ್ಲ ನೋಡಿಯೇ ಇಟ್ಟಿದ್ದಾರೆ.

ಇಂಗ್ಲಿಷಿನವರದ್ದೂ ಇದೇ ಬುದ್ಧಿ. ಪರಿಮಳ ಇರುವ ವಯಲೆಟ್ ಹೂವಿಗೆ ಸ್ವೀಟ್ ವಯಲೆಟ್ ಅಂದರು, ಪರಿಮಳ ಇಲ್ಲದ್ದಕ್ಕೆ ಡಾಗ್ ವಯಲೆಟ್ ಅಂದುಬಿಟ್ಟರು.

ನಾನು ಗಮನಿಸಿದ್ದು ಇಷ್ಟು. ನಾಯಿ ಅನ್ನುವ ಪದ ಮುಂದೆ ನಿಂತರೆ ಅದು ತೆಗಳಿಕೆ: ನಾಯಿಪಾಡು, ನಾಯಿಬಾಳು, ನಾಯಿಬುದ್ಧಿ, ನಾಯಿಕೊಡೆ. ಹಿಂದೆ ನಿಂತರೆ ನಿಜವಾದ ಪ್ರಾಣಿ, ಅದಕ್ಕೊಂದು ಕೆಲಸ, ಒಂದು ಜಾಗ: ಬೇಟೆನಾಯಿ, ಕಾವಲುನಾಯಿ, ಸೀಳುನಾಯಿ, ನೀರುನಾಯಿ. ‘ನಾಯಿಮರಿ’ ತೋರಿಸಿ ಜಗಳಕ್ಕೆ ಬರಬೇಡಿ. ಅದು ನಾಯಿಯ ಮರಿ ಅಷ್ಟೇ, ಮರಿಯಂತೆ ಕಾಣುವ ಬೇರೇನೋ ಅಲ್ಲ.

ಪ್ರ: ನಾನು ಉಡುಪಿ ಕಡೆಯಿಂದ ಮಂಡ್ಯಕ್ಕೆ ಸೊಸೆಯಾಗಿ ಬಂದವಳು. ನಮ್ಮ ಮಾವ ಪುಟ್ಟ ಮೊಮ್ಮಗನನ್ನು ‘ಬಾರ್ಲಾ ನಾಯಿ, ಉಣ್ಣು ಬಾ’ ಅಂತ ಕರೆಯುತ್ತಾರೆ. ನನಗೆ ಮೈ ಉರಿಯುತ್ತದೆ. ಇವರನ್ನು ಕೇಳಿದರೆ ‘ಅದು ಪ್ರೀತಿ ಕಣೇ’ ಅನ್ನುತ್ತಾರೆ. ನಿಜವಾ?
— ಹೆಸರು ಬೇಡ, ಮಂಡ್ಯ

ಉ: ನಿಜ ಕಣಮ್ಮ. ಮಂಡ್ಯ ಸೀಮೆಯಲ್ಲಿ ‘ಬನ್ನಿ, ಕೂತ್ಕೊಳ್ಳಿ’ ಅಂತ ಮಾತಾಡಿಸುತ್ತಾರೆ ಅಂದರೆ ನೀವಿನ್ನೂ ಹೊರಗಿನವರು. ಬೈಯಲು ಶುರುಮಾಡಿದರೆ ಮನೆಯವರಾದಿರಿ ಅಂತ ಲೆಕ್ಕ.

ಆದರೆ ಎಲ್ಲ ನಾಯಿಯೂ ಪ್ರೀತಿಯ ನಾಯಿಯಲ್ಲ. ರಾಗ ಕೇಳಿಸಿಕೊಳ್ಳಬೇಕು. ನಿಮ್ಮ ಮಾವ ‘ನಾಯೀ…’ ಅಂತ ಕೊನೆಯಲ್ಲಿ ಎಳೆಯುತ್ತಾರಾ? ಹಾಗಾದರೆ ಮುದ್ದು. ‘ನಾಯ್!’ ಅಂತ ಕತ್ತರಿಸಿದರೆ ಹುಡುಗ ಏನೋ ಒಡೆದು ಹಾಕಿದ್ದಾನೆ. ಹಿಂದೆ ‘ನನ್ಮಗನೆ’ ಸೇರಿದರೆ ಮನೆಯಿಂದ ಹೊರಗೆ ಓಡುವ ಹೊತ್ತು. ಗೆಳೆಯರು ಒಬ್ಬರಿಗೊಬ್ಬರು ‘ಲೋ ನಾಯಿ, ಎಲ್ಲಿದ್ದೀಯೋ’ ಅಂತ ಫೋನ್ ಮಾಡುವುದನ್ನು ಮೈಸೂರಿನ ಯಾವ ಟೀ ಅಂಗಡಿ ಮುಂದೆ ಬೇಕಾದರೂ ಕೇಳಬಹುದು. ಅದೇ ಮಾತನ್ನು ಗುರುತಿಲ್ಲದವನಿಗೆ ಅಂದು ನೋಡಿ, ಟೀ ಲೋಟ ಹಾರುತ್ತದೆ.

ಇನ್ನೊಂದು ಕಾರಣವೂ ಇದೆ. ದೃಷ್ಟಿ. ‘ಎಷ್ಟು ಚೆನ್ನಾಗಿದೆ ಮಗು’ ಅಂತ ಬಾಯಿಬಿಟ್ಟು ಹೇಳಲು ಹಿಂದಿನವರು ಹೆದರುತ್ತಿದ್ದರು. ಹುಟ್ಟಿದ ಮಕ್ಕಳು ಉಳಿಯದ ಮನೆಯಲ್ಲಿ ಮುಂದಿನ ಕೂಸಿಗೆ ತಿಪ್ಪಯ್ಯ, ತಿಪ್ಪಮ್ಮ ಅಂತ ಹೆಸರಿಟ್ಟದ್ದು ಅದಕ್ಕೇ. ತಿಪ್ಪೆ ಮೇಲೆ ಬಿದ್ದದ್ದನ್ನು ಯಮ ಯಾಕೆ ಎತ್ತಿಕೊಳ್ಳುತ್ತಾನೆ? ಮುದ್ದಾದ ಮೊಮ್ಮಗನನ್ನು ನಾಯಿ ಅನ್ನುವುದೂ ಅದೇ ಜಾಣತನ.

ನಿಮ್ಮ ಸಿಟ್ಟೂ ನನಗೆ ಅರ್ಥವಾಗುತ್ತದೆ. ತುಳುವಿನಲ್ಲೂ ನಾಯಿ ನಾಯಿಯೇ. ತಮಿಳು, ಮಲಯಾಳದಲ್ಲೂ ಹೆಚ್ಚುಕಡಿಮೆ ಅದೇ ಪದ. ತೆಲುಗರು ಮಾತ್ರ ಕುಕ್ಕ ಅನ್ನುತ್ತಾರೆ. ಪದ ಒಂದೇ ಆದರೂ ಅದರ ಖಾರ ಊರಿಂದ ಊರಿಗೆ ಬೇರೆ. ನಿಮ್ಮ ಕರಾವಳಿಯಲ್ಲಿ ನಾಯಿಮರಿಗೆ ‘ಕುನ್ನಿ’ ಅನ್ನುವವರಿದ್ದಾರೆ. ಹಳೆಗನ್ನಡದ ಚೆಂದದ ಪದ. ಅದನ್ನೇ ಇಲ್ಲಿ ಯಾರಿಗಾದರೂ ಅಂದರೆ ಹೊಡೆಯಲು ಬರುತ್ತಾರೆ. ಮಾವನನ್ನು ತಿದ್ದಲು ಹೋಗಬೇಡಿ. ಹುಡುಗ ಶಾಲೆಗೆ ಸೇರುವ ಮೊದಲು ಒಂದು ವಿಷಯ ಮಾತ್ರ ಹೇಳಿಕೊಡಿ. ಈ ಮಾತು ತಾತನಿಗೆ ಓಕೆ, ಮಿಸ್ಸಿಗೆ ಅಲ್ಲ.

ಪ್ರ: ನೀರುನಾಯಿ ನಾಯಿಯ ಜಾತಿಯದ್ದೇ? ಸಂಗಮದ ಹತ್ತಿರ ನೋಡಿದೆ, ಬೆಕ್ಕಿನ ಥರ ಕಂಡಿತು.
— ವಿದ್ಯಾರ್ಥಿ, ಶ್ರೀರಂಗಪಟ್ಟಣ

ಉ: ನಾಯಿಯೂ ಅಲ್ಲ, ಬೆಕ್ಕೂ ಅಲ್ಲ. ಬೇರೆಯದೇ ಕುಟುಂಬ. ಕಾವೇರಿಯಲ್ಲಿ, ರಂಗನತಿಟ್ಟಿನ ನಡುಗಡ್ಡೆಗಳ ಸುತ್ತ ಅವು ಗುಂಪಾಗಿ ಮೀನು ಹಿಡಿಯುತ್ತವೆ. ತಲೆ ಮಾತ್ರ ನೀರಿನ ಮೇಲೆ ಕಾಣುತ್ತದೆ. ಆ ತಲೆ ನೋಡಿದವನಿಗೆ ಈಜುವ ನಾಯಿ ನೆನಪಾಗಿರಬೇಕು.

ಸೀಳುನಾಯಿ ಹಾಗಲ್ಲ, ಅದು ನಾಯಿಯ ಕುಟುಂಬದ್ದೇ. ಬಂಡೀಪುರ, ನಾಗರಹೊಳೆಯಲ್ಲಿ ಬೆಳಿಗ್ಗೆ ಹೊತ್ತು ಕಾಣಸಿಗುತ್ತದೆ. ಕೆಂಚು ಮೈ, ಕಪ್ಪು ಕುಚ್ಚಿನ ಬಾಲ. ಊರನಾಯಿಯ ಹಾಗೆ ಬೊಗಳುವುದಿಲ್ಲ, ಸಿಳ್ಳೆ ಹಾಕಿ ಜೊತೆಯವನ್ನು ಕರೆಯುತ್ತದೆ. ಬೊಗಳುವ ನಾಯಿ ಕಚ್ಚುವುದಿಲ್ಲ ಅನ್ನುವ ಗಾದೆಯನ್ನು ಇದರ ಮೇಲೆ ಪರೀಕ್ಷೆ ಮಾಡಲು ಹೋಗಬೇಡಿ.

ಪ್ರ: ನಾನು ಬೈಕ್ ಗ್ಯಾರೇಜಿನಲ್ಲಿ ಕೆಲಸ ಕಲಿಯುತ್ತಿದ್ದೇನೆ. ಗೇರ್ ಜಾರಿದರೆ ನಮ್ಮ ಮೇಸ್ತ್ರಿ ‘ಡಾಗ್ ಸವೆದಿದೆ’ ಅನ್ನುತ್ತಾರೆ. ಗೇರ್‌ಬಾಕ್ಸಿನಲ್ಲಿ ನಾಯಿ ಎಲ್ಲಿಂದ ಬಂತು?
— ಓದುಗ, ಮೈಸೂರು

ಉ: ಈ ಅಂಕಣ ಶುರುವಾದಾಗಿನಿಂದ ನನಗೆ ತುಂಬಾ ಖುಷಿ ಕೊಟ್ಟ ಪ್ರಶ್ನೆ. ನಮ್ಮ ಯಜಮಾನರು ಯಾದವಗಿರಿಯ ಜಾವಾ ಕಾರ್ಖಾನೆಯಲ್ಲಿ ಇದ್ದವರು. 1996ರಲ್ಲಿ ಅದು ಮುಚ್ಚಿದ ಮೇಲೂ ನಮ್ಮ ಮನೆಯ ಊಟದ ಟೇಬಲ್ಲಿನಿಂದ ಗೇರ್‌ಬಾಕ್ಸ್ ಇಳಿಯಲಿಲ್ಲ. ಹಾಗಾಗಿ ಉತ್ತರದಲ್ಲಿ ಅರ್ಧ ಅವರದ್ದು.

ಇಂಗ್ಲಿಷಿನಲ್ಲಿ ಕಚ್ಚಿ ಹಿಡಿಯುವ ಕಬ್ಬಿಣದ ಸಾಮಾನಿಗೆಲ್ಲ ಡಾಗ್ ಅನ್ನುವ ರೂಢಿ ಬಹಳ ಹಳೆಯದು. ಬೈಕಿನ ಗೇರ್‌ಗಳು ಯಾವಾಗಲೂ ಒಂದಕ್ಕೊಂದು ಹಲ್ಲು ಸೇರಿಸಿಕೊಂಡೇ ತಿರುಗುತ್ತಿರುತ್ತವೆ. ಆದರೆ ಪ್ರತಿ ಜೋಡಿಯಲ್ಲಿ ಒಂದು ಗೇರ್ ಶಾಫ್ಟಿನ ಮೇಲೆ ಸುಮ್ನೆ ಸುತ್ತುತ್ತಿರುತ್ತದೆ, ಶಾಫ್ಟನ್ನು ತಿರುಗಿಸುವುದಿಲ್ಲ. ನೀವು ಕಾಲಲ್ಲಿ ಗೇರ್ ಒತ್ತಿದಾಗ ಪಕ್ಕದ ಗೇರ್ ಸರಿದು ಬರುತ್ತದೆ. ಅದರ ಬದಿಯಲ್ಲಿ ಗೂಟದಂತೆ ಎದ್ದಿರುವ ದಪ್ಪ ಹಲ್ಲುಗಳಿವೆಯಲ್ಲ, ಅವು ಸುಮ್ನೆ ಸುತ್ತುತ್ತಿದ್ದ ಗೇರಿನ ತೂತಿಗೆ ಹೋಗಿ ಕೂರುತ್ತವೆ. ಆಗ ಎರಡೂ ಒಂದಾಗಿ ಚಕ್ರಕ್ಕೆ ಓಟ ಸಿಗುತ್ತದೆ. ಆ ದಪ್ಪ ಹಲ್ಲೇ ಡಾಗ್. ಕ್ಲಚ್ ಪೂರ್ತಿ ಹಿಡಿಯದೆ ಗೇರ್ ಹಾಕುವವರ ಬೈಕಿನಲ್ಲಿ ಅದರ ಮೂಲೆ ಸವೆದು ಗುಂಡಾಗುತ್ತದೆ. ಎಕ್ಸಲೇಟರ್ ಕೊಟ್ಟ ಕೂಡಲೇ ಹಿಡಿತ ತಪ್ಪಿ ಆಚೆ ಬರುತ್ತದೆ. ನಿಮ್ಮ ಮೇಸ್ತ್ರಿ ಹೇಳಿದ್ದು ಸರಿ.

ಲೇತ್ ಮೆಷಿನ್ನಿನಲ್ಲೂ ಒಂದು ಡಾಗ್ ಇದೆ. ಎರಡು ಸೆಂಟರ್ ನಡುವೆ ಕೂರಿಸಿದ ಸರಳನ್ನು ಕಚ್ಚಿ ಹಿಡಿದು ತನ್ನ ಜೊತೆ ತಿರುಗಿಸುತ್ತದೆ. ರೈಲು ಹಳಿಯನ್ನು ಮರದ ಸ್ಲೀಪರ್‌ಗೆ ಬಿಗಿಯುತ್ತಿದ್ದ ದಪ್ಪ ಮೊಳೆಗೆ ಡಾಗ್ ಸ್ಪೈಕ್ ಅಂತ ಹೆಸರು. ಕಿತ್ತು ತೆಗೆಯಲು ಅನುಕೂಲ ಆಗಲಿ ಅಂತ ಅದರ ತಲೆಯ ಎರಡೂ ಕಡೆ ಕಿವಿ ಬಿಟ್ಟಿರುತ್ತಾರೆ. ಹಳೆಯ ಮರದ ಸ್ಲೀಪರ್ ಎಲ್ಲಾದರೂ ಕಂಡರೆ ಬಗ್ಗಿ ನೋಡಿ, ನಾಯಿಯ ಮೂತಿ ಕಾಣುತ್ತದೆ.

ತಮಾಷೆ ಏನಂದರೆ, ‘ಡಾಗ್’ ಪದದ ಹುಟ್ಟೇ ಒಂದು ಒಗಟು. ಹಳೆಯ ಇಂಗ್ಲಿಷಿನಲ್ಲಿ ನಾಯಿಗೆ ಇದ್ದ ಸಾಮಾನ್ಯ ಪದ ‘ಹುಂಡ್’. ಜರ್ಮನ್ನರು ಇವತ್ತಿಗೂ ಹಾಗೇ ಅನ್ನುತ್ತಾರೆ. ಡಾಗ್ ಎಲ್ಲಿಂದಲೋ ಬಂದು ಮನೆ ಸೇರಿ, ಹಳಬನನ್ನು ‘ಹೌಂಡ್’ ಅಂತ ಬೇಟೆಗೆ ಅಟ್ಟಿತು. ಬೀದಿಯಿಂದ ಬಂದ ನಾಯಿ ಜಗಲಿ ಹಿಡಿದು ಕೂತ ಹಾಗೆ.

ನಮ್ಮ ಗ್ಯಾರೇಜ್ ಕನ್ನಡಕ್ಕೆ ನಾಯಿ ಬೇಕಾಗಿಲ್ಲ. ‘ಗೇರ್ ಕಚ್ತಾ ಇಲ್ಲ’, ‘ನಟ್ಟು ಕಚ್ಕೊಂಡುಬಿಟ್ಟಿದೆ’ ಅನ್ನುತ್ತೀರಲ್ಲ. ಬಡಗಿ ಮರದಲ್ಲಿ ಕೊರೆಯುವ ಗುರುತೂ ‘ಕಚ್ಚು’. ಅವರು ಪ್ರಾಣಿಯ ಹೆಸರು ತಂದರು, ನಾವು ಅದರ ಕೆಲಸ ತಂದೆವು.

ಪ್ರ: ‘ಕಲ್ಲು ಕಂಡರೆ ನಾಯಿ ಇಲ್ಲ, ನಾಯಿ ಕಂಡರೆ ಕಲ್ಲಿಲ್ಲ’ ಗಾದೆಗೆ ವೇದಾಂತದ ಅರ್ಥ ಇದೆಯಂತೆ. ದೇವಸ್ಥಾನದಲ್ಲಿ ಕಲ್ಲಿನ ನಾಯಿ ಇದ್ದರೆ, ಕಲ್ಲು ಅಂತ ನೋಡಿದವನಿಗೆ ನಾಯಿ ಕಾಣಲ್ಲ, ನಾಯಿ ಅಂತ ನೋಡಿದವನಿಗೆ ಕಲ್ಲು ಕಾಣಲ್ಲ ಅಂತ ಹರಿಕಥೆಯಲ್ಲಿ ಕೇಳಿದೆ. ಇದೇ ಸರಿಯಾದ ಅರ್ಥವಾ?
— ಓದುಗರು, ಮದ್ದೂರು

ಉ: ಕಥೆ ಚೆನ್ನಾಗಿದೆ. ನಾನು ಒಪ್ಪುವುದಿಲ್ಲ. ಇದೇ ಗಾದೆಯ ಅಣ್ಣ ಒಬ್ಬನಿದ್ದಾನೆ: ‘ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ.’ ಕಡಲೆಯಲ್ಲಿ ಯಾರೂ ವೇದಾಂತ ಹುಡುಕಲಿಲ್ಲ. ಬೇಕಾದ ಹೊತ್ತಿಗೆ ಬೇಕಾದ್ದು ಕೈಗೆ ಸಿಗಲ್ಲ ಅನ್ನುವುದಷ್ಟೇ ಎರಡರ ಮಾತು. ರಾತ್ರಿ ಕೊನೆ ಬಸ್ಸಿಳಿದು ಮನೆಗೆ ನಡೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ನೀವು ಮದ್ದೂರಿನವರು. ಕಲ್ಲೂ ನಾಯಿಯೂ ಒಟ್ಟಿಗೇ ಕಂಡ ಊರು ನಿಮ್ಮ ತಾಲ್ಲೂಕಿನಲ್ಲೇ ಇತ್ತು. ಆತಕೂರು. ಅಲ್ಲಿನ ಚಲ್ಲೇಶ್ವರ ಗುಡಿಯ ಮುಂದೆ ನಿಲ್ಲಿಸಿದ್ದ ವೀರಗಲ್ಲು ಒಂದು ನಾಯಿಯದ್ದು. ಕಾಲ ಕ್ರಿ.ಶ. 949–50.

ಆಗ ರಾಷ್ಟ್ರಕೂಟರ ಮೂರನೆಯ ಕೃಷ್ಣನಿಗೂ ಚೋಳರಿಗೂ ತಕ್ಕೋಲದಲ್ಲಿ ದೊಡ್ಡ ಯುದ್ಧ ನಡೆಯಿತು. ಕೃಷ್ಣನ ಪರವಾಗಿ ಹೋದ ಗಂಗರ ಬೂತುಗ ಚೋಳ ರಾಜಾದಿತ್ಯನನ್ನು ಕೊಂದ. ಕೃಷ್ಣ ಮೆಚ್ಚಿ ಬೂತುಗನಿಗೆ ಬನವಾಸಿ 12000 ಮೊದಲಾದ ನಾಡುಗಳನ್ನು ಕೊಟ್ಟ. ಬೂತುಗನ ಕೈಕೆಳಗೆ ಮಣಲೇರ ಅಂತ ಒಬ್ಬ ವೀರ. ಅವನ ಕಾದಾಟ ನೋಡಿ ಬೂತುಗ ‘ಮೆಚ್ಚಿದೆ, ಏನು ಬೇಕು ಕೇಳಿಕೋ’ ಅಂದ. ಮಣಲೇರ ಕೇಳಿದ್ದು ಬೂತುಗನ ಬೇಟೆನಾಯಿಯನ್ನು. ಅದರ ಹೆಸರು ಕಾಳಿ.

ಆಮೇಲೆ ಬೆಳತೂರಿನ ಪಡುವಣ ಗುಡ್ಡದಲ್ಲಿ ಒಂದು ದೊಡ್ಡ ಹಂದಿಯ ಮೇಲೆ ಕಾಳಿಯನ್ನು ಬಿಟ್ಟರು. ನಾಯಿಯೂ ಹಂದಿಯೂ ಕಚ್ಚಾಡಿ ಎರಡೂ ಸತ್ತವು. ಮಣಲೇರ ಕಲ್ಲು ನಿಲ್ಲಿಸಿದ, ಅದರ ಪೂಜೆಗೆ ಭೂಮಿ ಬಿಟ್ಟ. ಗುಡಿ ನೋಡಿಕೊಳ್ಳುವ ಗೊರವ ಈ ಕಲ್ಲಿಗೆ ಪೂಜೆ ಮಾಡದೆ ಉಂಡರೆ ಪಾಪ ತಟ್ಟುತ್ತದೆ ಅಂತಲೂ ಕೆತ್ತಿಸಿದ. ಕಲ್ಲಿನಲ್ಲಿ ನಾಯಿ ಮತ್ತು ಹಂದಿ ಎದುರುಬದುರು ನಿಂತು ಕಾದಾಡುತ್ತಿವೆ. ನೋಡಿದವರಿಗೆ ಗೊತ್ತು, ಹಂದಿ ಎಷ್ಟು ದಪ್ಪ, ನಾಯಿ ಎಷ್ಟು ಸಣ್ಣ ಅಂತ. ಸುತ್ತ ಅಕ್ಷರದಲ್ಲಿರುವ ರಾಜರನ್ನು ನಾನು ಮರೆತೇನು, ಆ ನಾಯಿಯನ್ನು ಮರೆಯುವುದು ಕಷ್ಟ.

ಶಾಲೆಯಲ್ಲಿ ತಕ್ಕೋಲದ ಯುದ್ಧ ಅಂತ ಬಾಯಿಪಾಠ ಮಾಡಿಸುತ್ತಾರೆ. ಆ ಯುದ್ಧದ ವಿವರಕ್ಕೆ ಇತಿಹಾಸದವರು ಆಧಾರವಾಗಿ ಹಿಡಿಯುವ ಮುಖ್ಯ ಶಾಸನಗಳಲ್ಲಿ ಇದೂ ಒಂದು. ಅಂದರೆ ಒಂದು ನಾಯಿ ಸತ್ತದ್ದರಿಂದ ಮೂರು ರಾಜಮನೆತನಗಳ ಕಥೆ ನಮಗೆ ಉಳಿಯಿತು. ಈ ಮಾತು ಪಠ್ಯದಲ್ಲಿ ಇರುವುದಿಲ್ಲ. ನಾನು ಮಾತ್ರ ಪಾಠದಲ್ಲಿ ಸೇರಿಸುತ್ತಿದ್ದೆ. ಹಿಂದಿನ ಬೆಂಚಿನವರೂ ಎದ್ದು ಕೂರುತ್ತಿದ್ದರು.

‘ಗೊರವ’ ಅಂದೆನಲ್ಲ, ಅದಕ್ಕೊಂದು ಬಾಲ. ಶಾಸನದ ಗೊರವ ಗುಡಿಯ ಶೈವ ಪೂಜಾರಿ. ನಮ್ಮ ಮೈಸೂರು, ಚಾಮರಾಜನಗರದ ಕಡೆ ಕರಡಿ ಕೂದಲಿನ ಟೋಪಿ ಹಾಕಿ, ಡಮರುಗ ಹಿಡಿದು ಕುಣಿಯುವ ಗೊರವರು ಮೈಲಾರಲಿಂಗನ ಒಕ್ಕಲು. ದೋಣಿ ಸೇವೆಯಲ್ಲಿ ಅವರು ನಾಯಿಯಂತೆ ಬೊಗಳುತ್ತಾ, ನೆಲದ ಮೇಲಿಟ್ಟ ದೋಣಿ ಅನ್ನುವ ಪಾತ್ರೆಗೆ ಬಾಯಿ ಹಾಕಿ ಎಡೆ ತಿನ್ನುತ್ತಾರೆ. ದೇವರ ಮುಂದೆ ‘ನಾನು ನಿನ್ನ ನಾಯಿ’ ಅನ್ನುವುದು ಅಲ್ಲಿ ಅವಮಾನವಲ್ಲ, ಹಕ್ಕು.

ಆತಕೂರಿಗೆ ಹೋಗಿ ಕಲ್ಲು ಹುಡುಕಬೇಡಿ. ಅದನ್ನು ಬೆಂಗಳೂರಿನ ಸರ್ಕಾರಿ ಮ್ಯೂಸಿಯಂನಲ್ಲಿ ಇಟ್ಟಿದ್ದಾರೆ, ಕಬ್ಬನ್ ಪಾರ್ಕ್ ಪಕ್ಕದ ಕೆಂಪು ಕಟ್ಟಡ. ಊರಿಗೆ ಹೋದರೆ ಕಲ್ಲಿಲ್ಲ, ಬೀದಿಯಲ್ಲಿ ನಾಯಿಗೇನೂ ಕಮ್ಮಿ ಇಲ್ಲ. ನಿಮ್ಮ ಗಾದೆ ಹೀಗೂ ಸರಿಹೋಯಿತು.

ಪ್ರ: ಪೇಪರಿನವರು ‘ಶ್ವಾನದಳ’, ‘ಶ್ವಾನ ಪ್ರದರ್ಶನ’ ಅಂತಲೇ ಬರೆಯುತ್ತಾರೆ. ನಾಯಿ ಅಂದರೆ ಏನು ಕಡಿಮೆ?
— ಓದುಗರು, ನಂಜನಗೂಡು

ಉ: ಕಡಿಮೆ ಏನಿಲ್ಲ. ಸರ್ಕಾರಿ ಸಂಬಳ, ಪೊಲೀಸ್ ಜೀಪು, ಬಹುಮಾನದ ಕಪ್ಪು ಸಿಕ್ಕಿದರೆ ನಾಯಿ ಶ್ವಾನವಾಗುತ್ತದೆ. ಕಚ್ಚಿದರೆ ಮತ್ತೆ ನಾಯಿ. ‘ಶ್ವಾನ ಕಚ್ಚಿ ಬಾಲಕನಿಗೆ ಗಾಯ’ ಅಂತ ಯಾರೂ ಬರೆಯಲ್ಲ, ಗಮನಿಸಿ. ಗಾದೆಗೂ ಸಂಸ್ಕೃತ ಒಗ್ಗಲ್ಲ. ‘ನಾಯಿಗೆ ಕೆಲಸ ಇಲ್ಲ, ನಿಲ್ಲೋಕೆ ಹೊತ್ತಿಲ್ಲ’ ಅನ್ನುವ ಕಡೆ ಶ್ವಾನ ಹಾಕಿ ಹೇಳಿ ನೋಡಿ, ನಗು ಬರುತ್ತದೆ.

ಒಳ್ಳೆಯ ಹಳೆಯ ಪದಗಳು ಬೇರೆ ಇವೆ. ‘ಶುನಕ’ ನಮ್ಮವರ ಬಾಯಲ್ಲಿ ಪಳಗಿ ‘ಸೊಣಗ’ ಆಯಿತು. ‘ಸಾರಮೇಯ’ ಅಂದರೆ ಸರಮೆಯ ಮಗ. ಸರಮೆ ದೇವತೆಗಳ ಹೆಣ್ಣುನಾಯಿ. ಮಹಾಭಾರತದ ಮೊದಲ ಪರ್ವದಲ್ಲೇ ಜನಮೇಜಯನ ತಮ್ಮಂದಿರು ಅವಳ ಮರಿಯನ್ನು ತಪ್ಪಿಲ್ಲದೆ ಹೊಡೆಯುತ್ತಾರೆ, ಅವಳು ಬಂದು ನ್ಯಾಯ ಕೇಳುತ್ತಾಳೆ. ಕೊನೆಗೆ ಧರ್ಮರಾಯ ನಾಯಿಯನ್ನು ಬಿಟ್ಟು ಸ್ವರ್ಗಕ್ಕೆ ಬರಲ್ಲ ಅನ್ನುತ್ತಾನೆ. ಎರಡು ನಾಯಿಗಳ ನಡುವೆ ಇಡೀ ಮಹಾಭಾರತ.

ಪ್ರ: ‘ಬೀದಿನಾಯಿ’ ಅನ್ನಬಾರದು, ‘ಸಮುದಾಯದ ನಾಯಿ’ ಅನ್ನಬೇಕು ಅಂತ ನಮ್ಮ ಬಡಾವಣೆಯ ಗ್ರೂಪಿನಲ್ಲಿ ಜಗಳ. ನೀವೇನಂತೀರಿ? ‘ಕಂತ್ರಿ’ ಅನ್ನಬಹುದಾ?
— ಓದುಗಿ, ಕುವೆಂಪುನಗರ, ಮೈಸೂರು

ಉ: 2023ರ ಕೇಂದ್ರದ ನಿಯಮಗಳಲ್ಲಿ ಬೀದಿಯ ಪ್ರಾಣಿಗಳನ್ನು ಸಮುದಾಯದ ಪ್ರಾಣಿಗಳು ಅಂತ ಕರೆದಿದ್ದಾರೆ. ಅರ್ಜಿ ಬರೆಯುವಾಗ ಹಾಗೆ ಬರೆಯಿರಿ. ಮಾತಿನಲ್ಲಿ ಬೀದಿನಾಯಿ ಅಂದರೆ ತಪ್ಪೇನಿಲ್ಲ, ಅದು ವಿಳಾಸ, ಬೈಗುಳವಲ್ಲ. ನಮ್ಮ ಕ್ರಾಸಿನಲ್ಲಿ ಎಲ್ಲರ ಸ್ಕೂಟರ್ ಕೆಳಗೆ ಸರದಿಯ ಮೇಲೆ ಮಲಗುವ ಕೆಂಚಿಗೆ ಎಡಕಿವಿಯ ತುದಿ ಕತ್ತರಿಸಿದೆ. ಸಂತಾನಹರಣದ ಆಪರೇಷನ್ ಆಗಿದೆ ಅನ್ನುವುದಕ್ಕೆ ಅದು ಗುರುತು. ನಿಮ್ಮ ಬೀದಿಯವಕ್ಕೂ ಇದೆಯಾ ನೋಡಿ, ಹೆಸರಿನ ಜಗಳಕ್ಕಿಂತ ಅದು ಮುಖ್ಯ.

‘ಕಂತ್ರಿ’ ನನಗೆ ಇಷ್ಟವಿಲ್ಲ. ಅದು ಇಂಗ್ಲಿಷಿನ ‘ಕಂಟ್ರಿ’. ಬಿಳಿಯರು ತಮ್ಮ ನಾಯಿ ಬೇರೆ, ಈ ನಾಡಿನ ನಾಯಿ ಬೇರೆ ಅಂತ ಅಂದದ್ದು. ನಾವು ಅದನ್ನೇ ಎತ್ತಿಕೊಂಡು ‘ಕಂತ್ರಿ ಬುದ್ಧಿ’ ಅಂತ ಬೈಗುಳ ಮಾಡಿಕೊಂಡೆವು. ನಾಡನಾಯಿ ಅಂದರೆ ಸಾಕು.

ಪ್ರ: ನಾಯಿಕೆಮ್ಮಿಗೂ ನಾಯಿಗೂ ಸಂಬಂಧ ಇದೆಯಾ?
— ಓದುಗರು, ಪಾಂಡವಪುರ

ಉ: ಸದ್ದಿನದ್ದು ಮಾತ್ರ. ನಾಯಿಯಿಂದ ಬರುವ ಕಾಯಿಲೆ ಅಲ್ಲ. ಮಕ್ಕಳಿಗೆ ಲಸಿಕೆ ಹಾಕಿಸಿ.

ಪ್ರ: ಇಂಗ್ಲಿಷ್ ಪಾಠದಲ್ಲಿ ‘ಡಾಗ್ ಡೇಸ್’ ಅಂತ ಬಂತು. ನಾಯಿಯ ದಿನಗಳು ಅಂದರೆ ಯಾವುವು?
— ಪಿಯುಸಿ ವಿದ್ಯಾರ್ಥಿನಿ, ಮಳವಳ್ಳಿ

ಉ: ಯುರೋಪಿನ ಉರಿಬಿಸಿಲಿನ ದಿನಗಳು, ಜುಲೈ–ಆಗಸ್ಟ್. ಅವರು ‘ನಾಯಿ ನಕ್ಷತ್ರ’ ಅನ್ನುವ ಸಿರಿಯಸ್ ಆಗ ಸೂರ್ಯನ ಹತ್ತಿರ ಇರುತ್ತದೆ, ಅದರಿಂದ ಆ ಹೆಸರು. ನಮ್ಮಲ್ಲಿ ಆ ನಕ್ಷತ್ರ ಲುಬ್ಧಕ, ಅಂದರೆ ಬೇಡ. ಅವರು ನಾಯಿ ಕಂಡ ಜಾಗದಲ್ಲಿ ನಮ್ಮವರು ಬೇಟೆಗಾರನನ್ನೇ ಕಂಡರು. ಮಳವಳ್ಳಿಯಲ್ಲಿ ಆ ಹೊತ್ತಿಗೆ ಆಷಾಢದ ಗಾಳಿ. ಹಾಗಾಗಿ ಪರೀಕ್ಷೆಯಲ್ಲಿ ‘ನಾಯಿ ದಿನಗಳು’ ಅಂತ ಬರೆಯದೆ ‘ಸುಡುಬಿಸಿಲಿನ ದಿನಗಳು’ ಅಂತ ಬರೆ.

ಪ್ರ: ‘ಛೂ’ ಅಂದರೆ ನಾಯಿ ನುಗ್ಗುತ್ತೆ, ‘ಹಚಾ’ ಅಂದರೆ ಹೋಗುತ್ತೆ. ಇವೂ ಪದಗಳೇನಾ?
— ಓದುಗರು, ನಾಗಮಂಗಲ

ಉ: ಪದಗಳೇ. ‘ಛೂ ಬಿಡು’ ಅನ್ನುವುದು ಬೇಟೆಯಿಂದ ಬಂದು ಈಗ ರಾಜಕೀಯದವರ ಸ್ವತ್ತಾಗಿದೆ. ಯಾವ ನಾಯಕ ಯಾರ ಮೇಲೆ ಯಾರನ್ನು ಛೂ ಬಿಟ್ಟ ಅಂತ ದಿನಾ ಓದುತ್ತೇವೆ. ‘ಬಾಲಬಡುಕ’ನೂ ಆ ಮನೆಯವನೇ. ‘ಹಚಾ’ ಮಾತ್ರ ಇನ್ನೂ ನಾಯಿಯ ಹತ್ತಿರವೇ ಉಳಿದಿದೆ. ನಿಮ್ಮ ತಾಲ್ಲೂಕಿನ ಆದಿಚುಂಚನಗಿರಿಯಲ್ಲಿ ಕಾಲಭೈರವನ ವಾಹನ ನಾಯಿಯೇ. ಅಲ್ಲಿ ಮೆಟ್ಟಿಲ ಮೇಲೆ ಮಲಗಿದ್ದಕ್ಕೆ ಹಚಾ ಅನ್ನಲು ಜನ ಸ್ವಲ್ಪ ಹಿಂದೆ ಮುಂದೆ ನೋಡುತ್ತಾರೆ.

ನಮ್ಮ ಮನೆಯಲ್ಲಿ ಮರಿಯನ್ನು ಕರೆಯುವುದು ‘ಕುರೂ ಕುರೂ’ ಅಂತ. ‘ತೊಚ್ ತೊಚ್’ ಅನ್ನುವವರೂ ಇದ್ದಾರೆ. ನಿಮ್ಮೂರಲ್ಲಿ ಏನಂತ ಕರೆಯುತ್ತೀರಿ, ಊರಿನ ಹೆಸರು ಸೇರಿಸಿ ಬರೆದು ಕಳಿಸಿ.